ಅಧ್ಯಕ್ಷರನ್ನು ಬಿಡದ ಕುರ್ಚಿ

ಮನುಷ್ಯನ ನಾಗರಿಕತೆ ಕುರ್ಚಿಯಿಂದಲೇ ಆರಂಭವಾಯಿತು ಎಂಬುದು ನನ್ನ ಗಂಭೀರ ಅಭಿಪ್ರಾಯ. ನೆಲದ ಮೇಲೆ ಕೂತವರು ಯಾರೂ ಕೆಳಗೆ ಬಿದ್ದದ್ದಿಲ್ಲ ಎಂಬುದು ನನ್ನ ಹೆಂಡತಿ ಶಾಂತಾಳ ಅಭಿಪ್ರಾಯ.

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಚಿತ್ರಕಲೆಯ ಮಾಸ್ತರ. ಹೂಜಿ, ಪೇರಲ ಹಣ್ಣು, ಮತ್ತೆ ಹೂಜಿ, ಹುಡುಗರಿಂದ ಇವುಗಳ ಚಿತ್ರವನ್ನೇ ತೆಗೆಸಿಕೊಂಡು ಸುಖವಾಗಿದ್ದೆ. ಹೋದ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಒಂದು ಸಂಶಯ ಬಂತು.

"ಹೂಜಿ ತಗದು ಏನ್ ಮಾಡೂದೈತ್ರಿ ಮಾಸ್ತರ? ಹುಡುಗರ ತಲಿ ಓಡೂವಂಥಾದು ಏನರ ಮಾಡಿಸಿ ತೋರಸ್ರಿ. ಇಲ್ಲಾಂದ್ರ ಮುಂದಿನ ವರ್ಷ ನಿಮ್ಮ ಕ್ಲಾಸು ಬಂದ್!"

ಕಲೆಯ ಮಾನ ನನ್ನ ಹೆಗಲ ಮೇಲೆ ಬಿತ್ತು. ತರಗತಿಯಲ್ಲಿ ಘೋಷಿಸಿಯೇಬಿಟ್ಟೆ: ಬಿಸಾಡಿದ ರಟ್ಟಿನಿಂದ ಮನುಷ್ಯ ಕೂಡಬಲ್ಲ ಕುರ್ಚಿ ಮಾಡಬೇಕು. ಮೊಳೆ ಹೊಡೆಯುವಂತಿಲ್ಲ, ಪೇಟೆಯಿಂದ ಗೋಂದು ತರುವಂತಿಲ್ಲ. ಮೊದಲು ಚಿತ್ರ ತೆಗೆದು ಯೋಚಿಸಬೇಕು, ಆಮೇಲೆ ಕತ್ತರಿ ಹಿಡಿಯಬೇಕು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಮಾದರಿ ಕುರ್ಚಿಯನ್ನು ಸ್ವತಃ ನಾನೇ ಮಾಡುವೆನು! ಪ್ರದರ್ಶನದ ದಿನ ಅದರ ಮೇಲೆ ಅಧ್ಯಕ್ಷರೇ ಕೂಡುವರು!" ಎಂದೆ. ಯಾರೂ ಕೇಳಿರಲಿಲ್ಲ.

ಕರದಂಟಿನ ಅಂಗಡಿಯಿಂದ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ತಂದೆ. ಚಿತ್ರ ತೆಗೆಯಲಿಲ್ಲ. ಅದು ಹುಡುಗರಿಗೆ ಹೇಳಿದ ಮಾತು! ಮೊದಲ ಕುರ್ಚಿ ನಾನು ಕೂಡುವ ಮೊದಲೇ ತಾನೇ ಕೂತುಬಿಟ್ಟಿತು. ಎರಡನೆಯದು ನನ್ನ ಜೊತೆ ಕೂತಿತು. ನೆಲದಿಂದ ಮೇಲೆದ್ದು ಅಡುಗೆಮನೆ ಕಡೆ ನೋಡಿದೆ. ಶಾಂತಾ ಬಾಣಂತಿ ಮಗಳಿಗಾಗಿ ಕರದಂಟು ಮಾಡಲು ಬೆಲ್ಲದ ಪಾಕ ಇಳಿಸಿದ್ದಳು. ಉತ್ತತ್ತಿ, ಕೊಬ್ಬರಿ, ಬಾದಾಮಿ ಎಲ್ಲವನ್ನೂ ಒಂದಾಗಿ ಹಿಡಿಯುವ ಪಾಕಕ್ಕೆ ಎರಡು ರಟ್ಟು ಯಾವ ಲೆಕ್ಕ?

"ರೀ, ಪಾಕಾ ಎಲ್ಲಿ ಒಯ್ಯಾಕತ್ತೀರಿ? ಅದು ಬಾಣಂತಿಗೆ ಮಾಡಿದ್ದರಿ, ಕುರ್ಚಿಗಲ್ಲ!"

"ಪ್ಯಾಟಿಯಿಂದ ತಂದ ಗೋಂದು ಅಲ್ಲಲ್ಲ, ಮನಿಯಾಗಿಂದು. ನಿಯಮಕ್ಕ ಬರೋಬ್ಬರಿ ಐತಿ."

"ಬ್ಯಾಸಗ್ಯಾಗ ಬೆಲ್ಲ ಕರಗತೈತ್ರಿ."

"ನಿನಗ ಕಲಾ ತಿಳಿಯೂದಿಲ್ಲ."

"ಖರೆ. ನನಗ ಬೆಲ್ಲ ಅಷ್ಟ ತಿಳೀತೈತಿ."

ರಟ್ಟುಗಳ ನಡುವೆಯೂ, ಹೊಳಪಿಗೆಂದು ಮೇಲೂ ಹಚ್ಚಿದ ಪಾಕ ಬೆಳಗಾಗುವಷ್ಟರಲ್ಲಿ ಕಲ್ಲಾಗಿತ್ತು. ಕೂತು ನೋಡಿದೆ. ಅಲುಗಲಿಲ್ಲ!

ಪ್ರದರ್ಶನ ನಡೆದದ್ದು ತಗಡಿನ ಶೆಡ್ಡಿನಲ್ಲಿ, ಸುಡುಸುಡು ಮಧ್ಯಾಹ್ನ. ಹುಡುಗರ ಕುರ್ಚಿಗಳನ್ನು ನೋಡಿ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಒಬ್ಬ ರಟ್ಟನ್ನು ಸೀರೆಯ ನಿರಿಗೆಯಂತೆ ಮಡಚಿ ನಿಲ್ಲಿಸಿದ್ದ. ಯಮಕನಮರಡಿಯ ಶಬಾನಾ ರಟ್ಟನ್ನು ಕೊಳವೆಗಳಾಗಿ ಸುತ್ತಿ, ಒತ್ತಾಗಿ ನಿಲ್ಲಿಸಿ, ಹಳೆಯ ಓಢಣಿಯಿಂದ ಬಿಗಿದಿದ್ದಳು. ಅದರ ಮೇಲೆ ಅಂಕಲಗಿಯ ಇಬ್ಬರು ಪೈಲವಾನ ಹುಡುಗರು ಒಟ್ಟಿಗೇ ಕೂತಿದ್ದರು!

"ಇದು ಹ್ಯಾಂಗ ಹೊಳೀತವಾ?"

"ಕಬ್ಬಿನ ಟ್ರ್ಯಾಕ್ಟರ್ ಹಿಂದ ನಮ್ಮ ಬಸ್ ಸಿಕ್ಕೊಂಡಿತ್ತರಿ ಸರ್. ನೋಡಕೋತ ಕುಂತಿದ್ನಿ. ಒಂದ ಕಬ್ಬು ಬಾಗತೈತಿ, ಕಟ್ಟಿದ ಹೊರಿ ಬಾಗೂದಿಲ್ರಿ."

ಆ ಟ್ರ್ಯಾಕ್ಟರುಗಳ ಹಿಂದೆ ನಾನೂ ಜೀವಮಾನವಿಡೀ ಸಿಕ್ಕಿಕೊಂಡಿದ್ದೇನೆ. ಡ್ರೈವರನನ್ನು ಬೈದದ್ದು ಬಿಟ್ಟರೆ ನನಗೆ ಏನೂ ಹೊಳೆದಿರಲಿಲ್ಲ.

ಅಧ್ಯಕ್ಷರು ಬಂದರು. ಬೆಳ್ಳಗಿನ ಧೋತರ, ಪದವಿಗೆ ತಕ್ಕ ಮೈಕಟ್ಟು. ನನ್ನ ಕುರ್ಚಿಯ ಮೇಲೆ ಕೂತರು. ಕುರ್ಚಿ ತಡೆಯಿತು!

"ಭೇಷ್ ಮಾಸ್ತರ! ಭಾಳ ಗಟ್ಟಿ ಐತಿ!" ಎಂದು ಕೂತಲ್ಲಿಂದಲೇ ಭಾಷಣ ಸುರು ಮಾಡಿದರು. ಭಾಷಣ ಬೆಳೆಯಿತು. ತಗಡು ಕಾಯಿತು. ಬೆಲ್ಲಕ್ಕೆ ತನ್ನ ಧರ್ಮ ನೆನಪಾಯಿತು. ಮುಗಿಸಿ ಅಧ್ಯಕ್ಷರು ಎದ್ದರು.

ಕುರ್ಚಿಯೂ ಎದ್ದಿತು.

"ಮಾಸ್ತರ, ಇದೇನ್ರಿ?"

"ಪಾಕ ರೀ, ಸಾಹೇಬ್ರ."

ಕಾಲೇಜಿನ ಸಿಪಾಯಿ ಕುರ್ಚಿ ಹಿಡಿದು ಎಳೆದ. ಧೋತರವೂ ಅದರ ಹಿಂದೆ ಹೊರಟಿತು. "ಎಳೀಬ್ಯಾಡೋ! ಮರ್ಯಾದಿ ಹೊಕ್ಕೈತಿ!" ಎಂದು ಅಧ್ಯಕ್ಷರು ಮತ್ತೆ ಕೂತುಬಿಟ್ಟರು. ನನ್ನ ಕ್ಲಾಸಿನ ಆಯುಷ್ಯ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಶಬಾನಾ ಬೋರ್ಡಿನ ಮುಂದೆ ನಿಂತು ಸುಣ್ಣದ ಕಡ್ಡಿಯಿಂದ ಚಿತ್ರ ತೆಗೆಯುತ್ತಿದ್ದಳು. ಕೆಳಗೆ ಕುರ್ಚಿ, ಮೇಲೆ ರಟ್ಟಿನ ಪದರುಗಳು, ಬೆಲ್ಲ, ಧೋತರ. ಅಧ್ಯಕ್ಷರ ಭಾಗವನ್ನು ಗೌರವದಿಂದ ಖಾಲಿ ಬಿಟ್ಟಿದ್ದಳು. ನೋಡಿ, ತಲೆ ಕೆರೆದು, ಎರಡು ಪದರುಗಳ ನಡುವೆ ಒಂದು ಗೆರೆ ಎಳೆದಳು.

"ಸರ್, ಧೋತರ ಬಿಡಸೂದು ಬ್ಯಾಡ್ರಿ. ಕುರ್ಚೀನ ಸುಲಿಯೋಣು."

ಅವಳ ಬ್ಲೇಡು ಕುರ್ಚಿಯ ಪಕ್ಕದಿಂದ ಒಳಗೆ ಹೋಯಿತು. ಮೇಲಿನ ಪದರು ಬಾಳೆಹಣ್ಣಿನ ಸಿಪ್ಪೆಯಂತೆ ಕಳಚಿಕೊಂಡಿತು. ಅಧ್ಯಕ್ಷರು ಧೋತರಸಮೇತ, ಮಾನಸಮೇತ ಎದ್ದು ನಿಂತರು! ಹೂಜಿಯ ನೆರಳು ತಿದ್ದುತ್ತಲೇ ತಲೆ ಹಣ್ಣಾದ ನಾನು, ಒಂದು ಚಿತ್ರ ಮನುಷ್ಯನ ಮರ್ಯಾದೆ ಉಳಿಸಿದ್ದನ್ನು ಅಂದೇ ಕಂಡದ್ದು. ಕೈ ಮುಗಿಯಬೇಕೆನಿಸಿತು.

ಅಧ್ಯಕ್ಷರು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು. ಅವರ ಹಿಂಭಾಗಕ್ಕೆ ಅಂಟಿದ ರಟ್ಟಿನ ಮೇಲೆ "ಶುದ್ಧ ತುಪ್ಪದ ಕರದಂಟು. ತಂಪು ಜಾಗದಲ್ಲಿ ಇಡಿ" ಎಂಬ ಅಕ್ಷರಗಳು ಎಲ್ಲರಿಗೂ ಕಾಣುತ್ತಿದ್ದವು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಹುಡುಗಿ ತಲಿ ಓಡಸ್ಯಾಳ. ಕ್ಲಾಸು ನಡೀಲಿ," ಎಂದರು. ನನ್ನ ಕಡೆ ತಿರುಗಿ, "ಮಾಸ್ತರ, ನೀವು ಹೂಜೀನ ತಗೀರಿ," ಎಂದರು.

ಕುರ್ಚಿಯ ಪ್ರದರ್ಶನ ಈ ವರ್ಷವೂ ನಡೆಯಿತು. ಅಧ್ಯಕ್ಷರು ನಿಂತೇ ನೋಡಿದರು.