ಕೊಂಕು ತೆಗೆಯುವ ನಮ್ಮಣ್ಣ

ತಪ್ಪು ಹುಡುಕುವವರು ಯಾವ ಊರಿನಲ್ಲೂ ಇರುತ್ತಾರೆ. ಚೆನ್ನೈನಲ್ಲಿ ನಮ್ಮ ಪಾಲಿಗೆ ಬಂದವನು ನನ್ನ ಸ್ವಂತ ಅಣ್ಣ. ನಮ್ಮ ಮೈಸೂರು ಮಾತಿನಲ್ಲಿ ಅವನು ಕೊಂಕು ತೆಗೆಯುವವನು. ಅತ್ತಿಗೆ ಧಾರವಾಡದವಳು, ‘ಎಲ್ಲಾದಕ್ಕೂ ಹೆಸರಿಡತಾರ’ ಎನ್ನುತ್ತಾಳೆ. ನನ್ನ ಮಗಳಿಗೆ ಅವನು ‘ನೊಟ್ಟ ಮಾಮಾ’; ಹುಳುಕು ಹೇಳುವುದಕ್ಕೆ ಇಲ್ಲಿಯ ತಮಿಳು ಮಾತು ಅದು. ಅಣ್ಣ ರೈಲ್ವೆಯಲ್ಲಿ ಬೋಗಿ ತಪಾಸಣೆ ಮಾಡುತ್ತಿದ್ದ. ಆಗ ದೋಷ ಹುಡುಕಲು ಸಂಬಳ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಧರ್ಮಾರ್ಥ ಸೇವೆ.

ಬದನೆಕಾಯಿ

ಕೋಯಂಬೇಡಿನ ತರಕಾರಿ ಮಾರುಕಟ್ಟೆಯಲ್ಲಿ ಅಣ್ಣ ಒಂದು ಬುಟ್ಟಿಯ ಮುಂದೆ ನಿಂತು ಶುರುಮಾಡಿದ. ಇದಕ್ಕೆ ಹುಳ, ಇದು ಬಲಿತದ್ದು, ಇದರ ತೊಟ್ಟು ಒಣಗಿದೆ. ಸುತ್ತ ನಿಂತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಅಂಗಡಿಯಾಕೆ ಒಳ್ಳೆಯ ಕಾಯಿಗಳನ್ನೇ ಆರಿಸಿ ಚೀಲಕ್ಕೆ ಸುರಿದು, ಕೈಮುಗಿದು ತಮಿಳಿನಲ್ಲಿ ಹೇಳಿದಳು:

“ಅಣ್ಣೇ, ದುಡ್ಡು ಬೇಡ. ನಾಳೆಯಿಂದ ದಿನಾ ಬನ್ನಿ. ಎದುರಂಗಡಿ ಮುಂದೆ ನಿಂತ್ಕೊಳ್ಳಿ, ಸಾಕು!”

ಎಣಗಾಯಿ

ಆ ಬದನೆಕಾಯಿಯಲ್ಲಿ ಅತ್ತಿಗೆ ಎಣಗಾಯಿ ಮಾಡಿದಳು. ಊಟದ ಹೊತ್ತಿಗೆ ನನಗೆ ಫೋನು.

“ನಿಮ್ಮಣ್ಣಾರಿಗೆ ಏನೋ ಆಗೇದ, ಲಗೂ ಬಾರವ್ವಾ. ಸುಮ್ಮನ ಉಣ್ಣಾಕತ್ತಾರ!”

ನಾನು ಆಟೋ ಹಿಡಿದು ಓಡಿದೆ. ಅಣ್ಣ ದವಡೆ ಹಿಡಿದುಕೊಂಡು ಕುಳಿತಿದ್ದ. “ಹಲ್ಲುನೋವು ಕಣೇ,” ಎಂದು ಗೊಣಗಿದ. “ಮಸಾಲೆ ಸೀದಿದೆ. ಮಿಕ್ಕಿದ್ದು ನೋವು ಇಳಿದ ಮೇಲೆ ಹೇಳ್ತೀನಿ.”

ಗಂಡಿನ ಕಡೆಯವರು

ಪೆರುಂಗುಡಿಯ ಆಫೀಸಿನಲ್ಲಿ ಮಗಳೇ ಮೆಚ್ಚಿಕೊಂಡ ಕನ್ನಡದ ಹುಡುಗ. ಹಿಂದೆ ಬಂದ ಸಂಬಂಧವೊಂದು ಅಣ್ಣನ ಬಾಯಿಂದಲೇ ಮುರಿದಿತ್ತು. ಆದರೂ ಸೋದರಮಾವನನ್ನು ಬಿಟ್ಟು ಮಾತುಕತೆ ನಡೆಸುವುದುಂಟೇ?

ಗಂಡಿನ ಕಡೆಯವರು ಬಂದು ಕುಳಿತರು. ಅಣ್ಣ ಒಂದು ಗುಟುಕು ಕುಡಿದು, “ಕಾಫಿಗೆ ಚಿಕೋರಿ ಜಾಸ್ತಿ,” ಎಂದ.

ಹುಡುಗನ ಅಜ್ಜಿ ತಕ್ಷಣ, “ಲೋಟಾನೂ ಸರಿಯಾಗಿ ತೊಳೆದಿಲ್ಲ,” ಎಂದರು.

ಅಣ್ಣನ ಮುಖ ಅರಳಿತು. ಕುರ್ಚಿ ಎಳೆದುಕೊಂಡು ಅಜ್ಜಿಯ ಪಕ್ಕಕ್ಕೆ ಹೋದ. ಇಬ್ಬರೂ ಸೇರಿ ನನ್ನ ಪರದೆ, ಹುಡುಗನ ಗಡ್ಡ, ಹುಡುಗಿಯ ತಮಿಳು ಬೆರೆತ ಕನ್ನಡ, ಯಾವುದನ್ನೂ ಬಿಡಲಿಲ್ಲ.

“ಅವ್ಳೋದಾನ್ ಅಮ್ಮಾ,” ಎಂದಳು ಮಗಳು. ಎಲ್ಲ ಮುಗಿಯಿತು ಎಂದು ಅವಳ ಕಣ್ಣು ತುಂಬಿತು. ನನಗೂ ಅಳುವೇ ಬಂತು.

ಅಷ್ಟರಲ್ಲಿ ಅಜ್ಜಿ ನನ್ನನ್ನು ಕರೆದರು. “ನೋಡಮ್ಮಾ, ನನಗೆ ವಯಸ್ಸಾಯ್ತು. ಮುಹೂರ್ತ ಬೇಗ ಇಡಿಸು. ಮದುವೆ ಊಟಕ್ಕೆ ನನ್ನ ಎಲೆ ನಿಮ್ಮಣ್ಣನ ಪಕ್ಕಾನೇ ಹಾಕಿಸ್ಬೇಕು. ಅಡಿಗೆ ವಿಷಯ ಮಾತಾಡೋದು ಬೇಕಾದಷ್ಟಿರುತ್ತೆ!”