ಮೋತಿಯ ಪಥ್ಯ

"ಮೋತಿಯ ತುರಿಕಿಗೆ ಮೂಲ ಏನಂತ ನಾ ಹುಡುಕದಿದ್ರ ಈ ಮೀಸಿ ಬೋಳಿಸ್ತೇನಿ!"

ನೆಲೋಗಿಯ ದೌಲತರಾಯರು ಅಂಗಳದ ನಟ್ಟನಡುವೆ ನಿಂತು ಹೀಗೆ ಶಪಥ ಮಾಡಿದಾಗ ಮೋತಿ ಪಕ್ಕದಲ್ಲೇ ಕೂತು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತು. ಪಾಪ, ಅದಕ್ಕೆ ಶಪಥ ಕೇಳಲೂ ಪುರಸೊತ್ತಿಲ್ಲ! ಬೆನ್ನ ಮೇಲಿನ ಕೂದಲು ಉದುರಿ ಚರ್ಮ ಕೆಂಪಾಗಿ, ನೋಡಿದವರಿಗೂ ಮೈ ತುರಿಸುವಂತಾಗಿತ್ತು.

ಅವಸರಕ್ಕೆ ಕಾರಣ ಹೆಂಡತಿ ಶಿವಕಾಂತಾ. ಮಗಳು ಬಾಣಂತನಕ್ಕೆ ಬಂದಿದ್ದಳು. "ಕೂಸಿರೋ ಮನ್ಯಾಗ ಈ ಕೆರಕ ನಾಯಿ ಬ್ಯಾಡ್ರಿ. ಯುಗಾದಿತನಕ ನೋಡ್ತೇನಿ, ಆಮ್ಯಾಲ ಹವಳಗಾದ ನಮ್ಮಣ್ಣನ ಹೊಲಕ್ಕ ಕಳಸೋದೇ!" ಎಂದು ಆಕೆ ಫರ್ಮಾನು ಹೊರಡಿಸಿದ್ದಳು. ದೌಲತರಾಯರ ಮಾತು ಪೂರ್ತಿ ಕೇಳಿ ಬಾಲ ಅಲ್ಲಾಡಿಸುವವರು ಆ ಮನೆಯಲ್ಲಿ ಬೇರೆ ಯಾರಿದ್ದರು?

ಜೇವರ್ಗಿಯ ದನದ ಡಾಕ್ಟರು ಮೋತಿಯನ್ನು ಹಿಂದುಮುಂದು ನೋಡಿ, "ಉಣ್ಣಿ ಇಲ್ಲ, ಹುಳ ಇಲ್ಲ. ತಿಂದದ್ದರಾಗ ಏನೋ ಒಂದು ಇದಕ್ಕ ಒಗ್ಗವಲ್ದು. ಎರಡು ತಿಂಗಳು ಇದು ಎಂದೂ ತಿನ್ನದ ಹುರಳಿ, ನವಣಿ ಅಷ್ಟೇ ಹಾಕ್ರಿ. ತುರಿಕಿ ನಿಂತ ಮ್ಯಾಲ ಹಳೇವು ಒಂದೊಂದಾಗಿ ಹಾಕಿ ನೋಡ್ರಿ. ಯಾವುದು ತಿಂದಾಗ ಕೆರ್ಕೋತದೋ, ಅದೇ ಕಳ್ಳ!" ಎಂದರು.

ಅಂದಿನಿಂದ ಮನೆಯಲ್ಲಿ ಕರ್ಫ್ಯೂ! ಹುರಳಿ, ನವಣೆ ಬಿಟ್ಟು ಮೋತಿಯ ಮುಂದೆ ಒಂದು ಅಗುಳೂ ಬೀಳುವಂತಿಲ್ಲ. ಆದರೂ ಕೆರೆತ ನಿಂತರೆ ತಾನೇ! ದೌಲತರಾಯರ ಕಣ್ಣು ಪಕ್ಕದ ಮನೆ ಅಜೀಜಾಬಿಯ ಮೇಲೆ ಬಿತ್ತು.

"ಆಪಾ, ಮೂಳಿ ಗೀಳಿ ಏನರ ಒಗದ್ರಿ ಏನು?"

"ತೋಬಾ ತೋಬಾ! ನಿಮ್ಮ ನಾಯಿ ನಿಮಗಿಂತ ಕಟ್ಟಾ ಶಾಕಾಹಾರಿ ಅದ ಭಾಯಿಸಾಬ್! ನಮ್ಮ ಮೂಳಿ ಮೂಸಿ ಸುದ್ದಾ ನೋಡಂಗಿಲ್ಲ!"

ಸರಿ, ಗೂಢಚಾರಿಕೆಯೇ ಗತಿ ಎಂದು ಒಂದು ಸಂಜೆ ಅವರು ಜೋಳದ ಕಣಿಕೆಯ ಬಣವೆ ಹಿಂದೆ ಅಡಗಿ ಕೂತರು. ದೀಪ ಹಚ್ಚುವ ಹೊತ್ತಿಗೆ ಶಿವಕಾಂತಾ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಕೂಸಿನ ಮುಖಕ್ಕೆ ಹಾಲಿನಲ್ಲಿ ನೆನೆಸಿದ ಚಪಾತಿ ನಿವಾಳಿಸಿ, "ಊರ ಕಣ್ಣು, ಕೇರಿ ಕಣ್ಣು, ಎಲ್ಲಾ ಕಣ್ಣೂ ಹೋಗ್ಲಿ" ಎಂದು ಮೋತಿಯ ಮುಂದೆ ಎಸೆದಳು. ಗುಳುಂ!

"ಸಿಕ್ಕಿತು ಕಳವು!" ದೌಲತರಾಯರು ತಲೆತುಂಬ ಕಣಿಕೆ ಹೊತ್ತು ಹಾರಿ ಬಂದರು. "ದಿನಾ ಹಾಕಾಕತ್ತೀಯೇನ ಬೇ? ಡಾಕ್ಟರು ಏನಂದಿದ್ರು?"

"ಊಟ ಹಾಕಬ್ಯಾಡ್ರಿ ಅಂದಿದ್ರು. ಇದು ಊಟ ಅಲ್ರಿ, ದಿಷ್ಟಿ!"

"ನಾಯಿಯ ಹೊಟ್ಟಿಗೆ ಅದೇನ ಗೊತ್ತು, ಊಟ ಯಾವುದು, ದಿಷ್ಟಿ ಯಾವುದು?" ಎಂದು ಅವರು ಓಣಿಗೆಲ್ಲ ಕೇಳುವಂತೆ ಗುಡುಗಿದರು. ಗೋಡೆಯಾಚೆಯಿಂದ ಅಜೀಜಾಬಿಯ ತಲೆ ಮೇಲೆ ಬಂತು. ಮೂಳೆಯ ಆರೋಪ ಆಕೆ ಮರೆತಿರಲಿಲ್ಲ.

"ಹಂಗಾರ ಭಾಯಿಸಾಬ್, ಮುಂಜಾನಿ ಕಟ್ಟಿ ಮ್ಯಾಲ ಕುಂತು ನಿಮ್ಮ ಬಸಿಯಾಗಿಂದ ಹಾಲು ಹಾಕಿದ ಚಹಾ ನೆಕ್ಕಸ್ತೀರಲ್ಲ, ಅದೇನು?"

ದೌಲತರಾಯರು ತಲೆಯ ಮೇಲಿನ ಕಣಿಕೆ ಕೊಡವತೊಡಗಿದರು. "ಅದು... ಅದು ಊಟ ಅಲ್ರಿ ಆಪಾ... ಚಹಾ!"

ಬಾಣಂತಿ ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನದಿಂದ ದೃಷ್ಟಿಗೆ ನವಣೆಯ ರೊಟ್ಟಿ, ದೌಲತರಾಯರ ಚಹಾ ಗೋಡೆಯ ಕಡೆ ಮುಖ ಮಾಡಿಕೊಂಡು! ಯುಗಾದಿ ಬರುವಷ್ಟರಲ್ಲಿ ಕೆರೆತ ನಿಂತು, ಮೋತಿಯ ಬೆನ್ನ ಮೇಲೆ ಹೊಸ ಕೂದಲು ಚಿಗುರಿತು. ಡಾಕ್ಟರು ಹೇಳಿದಂತೆ ಪರೀಕ್ಷೆಗೆಂದು ಬರೀ ಚಪಾತಿ ಹಾಕಿದರು, ಏನೂ ಆಗಲಿಲ್ಲ. ಕೆಲ ದಿನ ಬಿಟ್ಟು ಚೂರು ಹಾಲು ಕುಡಿಸಿದರು, ಮತ್ತೆ ಕರಕರ ಕೆರೆತ! ಕಳ್ಳ ಹಾಲೇ!

"ಇರಲಿ ಬಿಡ್ರಿ ನಾಯಿ," ಎಂದಳು ಶಿವಕಾಂತಾ. "ಇದು ಹೋದ್ರ ಕೂಸಿನ ದಿಷ್ಟಿ ತಿನ್ನೋರು ಯಾರು?"

ದೌಲತರಾಯರಿಗೆ ಕುಣಿಯುವಷ್ಟು ಖುಷಿಯಾಯಿತು. ಮೀಸೆ ಹುರಿ ಮಾಡಿ, "ಹಿಡದೆನೋ ಇಲ್ಲೋ ಕಳ್ಳನ್ನ? ಉಳೀತು ನೋಡು ಮೀಸಿ!" ಎಂದರು.

"ಉಳೀತು ಖರೆ. ಮೊದಲ ಅದಕ್ಕ ಹತ್ತಿದ ಚಹಾ ಒರಸ್ಕೋರಿ. ಆಗಿನಿಂದ ಮೋತಿ ನಿಮ್ಮ ಮಾರೀನೇ ನೋಡಾಕತ್ತದ!"