ಬುಧವಾರದ ನಿಂಬೆಹಣ್ಣು

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಬಿಚ್ಚಿ, ಅದನ್ನು ಇನ್ನೂ ಚೆನ್ನಾಗಿ ನಡೆಸಬೇಕೆಂಬ ಚಪಲ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಾನು ಅಂಥವನು. ನಾನು ರಿಪೇರಿ ಮಾಡಿದ ದಿನದಿಂದ ನಮ್ಮ ಮನೆಯ ಮಿಕ್ಸರ್ ಚಟ್ನಿಯನ್ನು ರುಬ್ಬುವುದಿಲ್ಲ, ಗೋಡೆಗೆ ಬಳಿಯುತ್ತದೆ. ಪಡಸಾಲೆಯ ಫ್ಯಾನು ಗಾಳಿಯನ್ನು ಮೇಲಕ್ಕೆ ಬೀಸಿ ಜೇಡಗಳ ಸೇವೆ ಮಾಡುತ್ತಿದೆ. ಜಹೀರಾಬಾದಿನ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು ನಾನು. ತೆಲುಗಿನಲ್ಲಿ ಪಾಠ ಮಾಡುತ್ತೇನೆ, ಬಜಾರಿನಲ್ಲಿ ಉರ್ದುವಿನಲ್ಲಿ ಚೌಕಾಸಿ ಮಾಡುತ್ತೇನೆ, ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುತ್ತೇನೆ. ಮೂರೂ ಭಾಷೆಗಳಲ್ಲಿ ನನ್ನ ಬಗ್ಗೆ ಇರುವ ಅಭಿಪ್ರಾಯ ಒಂದೇ ಎಂದು ನನಗೆ ಗೊತ್ತಿದೆ.

ಎರಡು ವರ್ಷದ ಹಿಂದೆ ತಾಂಡೂರಿನಲ್ಲಿ ಒಂದು ಬೇಳೆ ಮಿಲ್ಲಿನ ವರ್ಕ್‌ಶಾಪು ಮುಚ್ಚಿದಾಗ, ಅಲ್ಲಿದ್ದ, ಲೋಹ ಕೊರೆಯುವ ಸಣ್ಣ ಮಿಲ್ಲಿಂಗ್ ಮಶೀನನ್ನು ಕೊಂಡು ತಂದೆ. ಟೇಬಲ್ಲಿನ ಮೇಲೆ ಕೂರುವಷ್ಟೇ ದೊಡ್ಡದು. ಮೇಲೆ ಒಂದು ಕಟರ್ ತಿರುಗುತ್ತದೆ. ಅದರ ಕೆಳಗೆ ಕಬ್ಬಿಣದ ಹಾಸು ಹಿಂದೆ ಮುಂದೆ, ಆಚೆ ಈಚೆ ಸರಿಯುತ್ತದೆ. ಸರಿಸುವುದಕ್ಕೆ ದುಂಡನೆಯ ಹಿಡಿಕೆಗಳು. ಹಿಡಿಕೆ ತಿರುವುತ್ತಾ ಹೋದರೆ ಹಾಸಿನ ಮೇಲೆ ಬಿಗಿದ ಲೋಹ ಬೇಕಾದ ಹಾಗೆ ಕೊರೆದುಕೊಳ್ಳುತ್ತದೆ. ಎಷ್ಟೋ ವರ್ಷ ಯಾರ ಯಾರದೋ ಕೈಯಲ್ಲಿ ನಿಯತ್ತಿನಿಂದ ದುಡಿದ ಮಶೀನು ಅದು. ಅದರ ದುರದೃಷ್ಟ, ನನ್ನ ಮನೆ ಸೇರಿತು. ಜೋಳದ ಚೀಲಗಳಿದ್ದ ಕೋಣೆಯಲ್ಲಿ ಅದನ್ನು ಕೂರಿಸಿದೆ. ಚೀಲಗಳು ನಮ್ಮ ಮಂಚದ ಕೆಳಗೆ ಬಂದವು. ಇಲಿಗಳೂ ಅವುಗಳ ಹಿಂದೆಯೇ ಬಂದವು.

ಇನ್ನು ಮುಂದೆ ಇದನ್ನು ಕೈಯಿಂದ ತಿರುವುವುದು ಬೇಡ, ಕಂಪ್ಯೂಟರಿನಿಂದ ನಡೆಸೋಣ ಎಂಬ ಯೋಚನೆ ನನಗೆ ಕಾಲೇಜಿನ ಪರೀಕ್ಷಾ ಕೊಠಡಿಯಲ್ಲಿ ಬಂತು. ಪರೀಕ್ಷೆಯ ಮೇಲ್ವಿಚಾರಣೆ ಮಾಡುವಾಗ ಮನುಷ್ಯನಿಗೆ ಏನು ಬೇಕಾದರೂ ಹೊಳೆಯುತ್ತದೆ. ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಗೆಳೆಯ ಖಾಜಾ ಭಾಯಿಯನ್ನು ಕರೆದುಕೊಂಡು ಬಂದೆ. ಇಬ್ಬರೂ ಸೇರಿ ಹಿಡಿಕೆಗಳನ್ನು ಕಿತ್ತು, ಆ ಜಾಗದಲ್ಲಿ ಮೋಟಾರುಗಳನ್ನು ಕೂರಿಸಿ, ಹಳೆಯ ಲ್ಯಾಪ್‌ಟಾಪಿಗೆ ತಂತಿ ಎಳೆದೆವು. ಬಲಕ್ಕೆ ಹೋಗು ಎಂದರೆ ಅದು ಎಡಕ್ಕೆ ಹೋಯಿತು. ಖಾಜಾ ಭಾಯಿ ಗಂಭೀರವಾಗಿ ನೋಡಿ, "ಸರ್, ಇದು ನಿಮ್ಮನ್ನೇ ನೋಡಿ ಕಲ್ತದ. ಭಾಭೀ ಒಂದ್ ಹೇಳಿದ್ರ ನೀವ್ ಇನ್ನೊಂದ್ ಮಾಡ್ತೀರಲ್ಲ, ಹಂಗ" ಎಂದ. ತಂತಿ ಅದಲು ಬದಲು ಮಾಡಿದ ಮೇಲೆ ಮಶೀನು ಸುಧಾರಿಸಿತು. ಕಿತ್ತ ಹಿಡಿಕೆಗಳಲ್ಲಿ ಒಂದನ್ನು ಮಹಾದೇವಿ ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ ಇಟ್ಟಳು. ಆ ಮಶೀನಿನಿಂದ ಮನೆಗೆ ಆದ ಮೊದಲ ಉಪಯೋಗ ಅದು.

ಮಹಾದೇವಿ ನನ್ನ ಹೆಂಡತಿ. ನಾರಾಯಣಖೇಡದ ತೊಗರಿ ವ್ಯಾಪಾರಿಗಳ ಮನೆಯವಳು, ಆಡಿದ ಮಾತನ್ನು ತಕ್ಕಡಿಯಲ್ಲಿಟ್ಟು ತೂಗುವವಳು. ಓಣಿಯ ಹೆಂಗಸರೆಲ್ಲ ಸೇರಿ ಬೇಸಿಗೆಯಲ್ಲಿ ಶಾವಿಗೆ ಮಾಡಿ ಮಾರುತ್ತಾರೆ, ಇವಳೇ ಅವರಿಗೆ ಮುಂದಾಳು. ಅವರ ಶಾವಿಗೆ ಮಶೀನುಗಳು ಹಳೆಯವು. ಹಿಟ್ಟು ಎಳೆಯಾಗಿ ಇಳಿಯುವ ತೂತಿನ ಹಿತ್ತಾಳೆ ಬಿಲ್ಲೆಗಳು ಸವೆದುಹೋಗಿದ್ದವು, ಅಂಥವು ಈಗ ಬಜಾರಿನಲ್ಲಿ ಸಿಗುವುದಿಲ್ಲ. ಒಂದು ದಿನ ನಾನು ಎದೆ ಉಬ್ಬಿಸಿ, "ಬಿಲ್ಲೆ ನಾ ಮಾಡಿ ಕೊಡ್ತೀನಿ" ಎಂದುಬಿಟ್ಟೆ. ಅವಳು ಹೋಗಿ ಅವರಿಗೆಲ್ಲ ಮಾತು ಕೊಟ್ಟುಬಂದಳು. ಬಂದವಳೇ, "ನೋಡ್ರಿ, ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಎಲ್ಲಾರೂ ಹಿಟ್ಟು ನಾದ್ಕೊಂಡು ಬರ್ತಾರ. ಅವತ್ತು ಬಿಲ್ಲೆ ಇಲ್ಲಂದ್ರ ನನ್ನ ಮಾತು ಹೋಗ್ತದ. ನನ್ನ ಮಾತು ಹೋದ್ರ ನಿಮ್ಮ ಮಶೀನ್ ಹೋಗ್ತದ, ಜ್ವಾಳ ತಿರುಗಿ ಕೋಣ್ಯಾಗ ಬರ್ತದ" ಎಂದಳು. ತಕ್ಕಡಿ ಸಮವಾಗಿತ್ತು.

ಇಲ್ಲಿ ನಾನು ನಿಮ್ಮ ಕಿವಿಯಲ್ಲಿ ಒಂದು ಮಾತು ಹೇಳಬೇಕು. ಮಶೀನು ನಡೆಯತೊಡಗಿದಾಗ ನನ್ನ ಸಹೋದ್ಯೋಗಿಗಳು ಬಂದು ನೋಡಿ, "ಅಬ್ಬಬ್ಬಾ" ಎಂದು ಹೊಗಳಿಹೋದರು. ರಸಾಯನಶಾಸ್ತ್ರದವರು ಸ್ವಲ್ಪ ಹೆಚ್ಚೇ ಹೊಗಳಿದರು, ಹೊಗಳುವಾಗ ಕಣ್ಣು ಮಿಟುಕಿಸಲಿಲ್ಲ. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎಂದು ಪ್ರತಿವರ್ಷ ಹುಡುಗರಿಗೆ ಭಾಷಣ ಬಿಗಿಯುವ ನಾನು, ಮುಂದಿನ ಶನಿವಾರ ಬಾಗಿಲು ಹಾಕಿಕೊಂಡು ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಪೋಣಿಸಿ ಮಶೀನಿಗೆ ಕಟ್ಟಿದೆ. ಯಾರ ಕಣ್ಣಿಗೂ ಬೀಳಬಾರದಲ್ಲ, ಅದಕ್ಕೇ ಹಾಸಿನ ಹಿಂದೆ, ಗೋಡೆಯ ಕಡೆ ಕಟ್ಟಿದೆ. ಆಮೇಲೆ ಪ್ರತಿ ಶನಿವಾರ ಹಳೆಯದನ್ನು ಬಿಚ್ಚಿ ಮೂರು ದಾರಿ ಕೂಡುವಲ್ಲಿ ಎಸೆದು, ಹೊಸದನ್ನು ಕಟ್ಟುತ್ತಿದ್ದೆ. ಮಹಾದೇವಿಗೂ ಹೇಳಿರಲಿಲ್ಲ.

ಇಂಥ ಮಶೀನಿಗೆ ದಿನವೂ ಕೆಲಸಕ್ಕೆ ಮುಂಚೆ ತಾನು ಎಲ್ಲಿದ್ದೇನೆಂದು ತಿಳಿಯಬೇಕಾಗುತ್ತದೆ. ಹಾಸು ಮೆಲ್ಲಗೆ ಹಿಂದಕ್ಕೆ ಹೋಗಿ, ಮೂಲೆಯಲ್ಲಿರುವ ಒಂದು ಸಣ್ಣ ಸ್ವಿಚ್ಚನ್ನು ಮುಟ್ಟಿ ನಿಲ್ಲುತ್ತದೆ. ಅದೇ ಅದರ ಮನೆ. ಅಲ್ಲಿಂದ ಅಳೆದುಕೊಂಡು ಎಲ್ಲಾ ತೂತುಗಳನ್ನೂ ಕೊರೆಯುತ್ತದೆ. ನಾನು ಮೊದಲ ಬಿಲ್ಲೆ ಕೊರೆದಾಗ ತೂತುಗಳೆಲ್ಲ ಒಂದು ಬದಿಗೆ ಸರಿದು ಕೂತಿದ್ದವು, ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಜನ ಒತ್ತಿಕೊಂಡು ಕೂತ ಹಾಗೆ. ಕಂಪ್ಯೂಟರಿನಲ್ಲಿ ತಿದ್ದಿದೆ. ಮರುದಿನ ಎದುರು ಬದಿಗೆ ಸರಿದವು. ಮತ್ತೆ ತಿದ್ದಿದೆ. ಅದರ ಮರುದಿನ ಮತ್ತೂ ಸರಿದವು. ಶನಿವಾರ ನೋಡಿದರೆ ಒಮ್ಮೆಲೇ ಎಲ್ಲ ವಾಪಸ್ಸು ಜಿಗಿದಿದ್ದವು! ಕರೆಂಟಿನ ದೋಷವೆಂದೆ. ಬಿಸಿಲಿಗೆ ನೆಲದ ತಾಂಡೂರು ಕಲ್ಲು ಉಬ್ಬುತ್ತಿದೆಯೆಂದೆ. ಮಂಚದ ಕೆಳಗಿನ ಇಲಿಗಳ ಮೇಲೂ ಗುಮಾನಿ ಪಟ್ಟೆ. ಖಾಜಾ ಭಾಯಿ ಎಲ್ಲ ತಂತಿ ಎಳೆದು ನೋಡಿ, "ಮೋಟಾರ್ ಬರಾಬರ್ ಅದಾವ ಸರ್. ಅದರ ದಿಮಾಗಿನಾಗ ಏನೋ ಆಗ್ಯಾದ" ಎಂದು ಕೈ ತೊಳೆದುಕೊಂಡ. ಆದರೂ ಮುಂದಿನ ಬುಧವಾರ ದೇವರು ಕಣ್ಣು ಬಿಟ್ಟ. ಅಲ್ಲಿ ತಿದ್ದಿ ಇಲ್ಲಿ ತಿದ್ದಿ ಕೊರೆದ ಒಂದು ಬಿಲ್ಲೆ ಕಡೆದಿಟ್ಟ ಹಾಗೆ ಬಂತು. ಮಹಾದೇವಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಛಲೋ ಆಗ್ಯಾದ್ರಿ" ಎಂದಳು. ಮದುವೆಯಾದಾಗಿನಿಂದ ನಾನು ಮಾಡಿದ ವಸ್ತುವಿಗೆ ಆ ಮಾತು ಸಿಕ್ಕಿರಲಿಲ್ಲ. ಬಿಲ್ಲೆಯನ್ನು ಅವಳ ಕೈಯಿಂದ ತೆಗೆದುಕೊಂಡು ನಾನೂ ಬೆಳಕಿಗೆ ಹಿಡಿದು ನೋಡಿದೆ.

ಉಳಿದ ಬಿಲ್ಲೆಗಳಿಗೆ ಹಿತ್ತಾಳೆ ಬಂದದ್ದು ಶುಕ್ರವಾರ ಸಂಜೆ. ಶನಿವಾರ ಬೆಳಿಗ್ಗೆ ಭಕ್ತಿಯಿಂದ ಹೊಸ ನಿಂಬೆಹಣ್ಣು ಕಟ್ಟಿ ಮಶೀನು ಚಾಲೂ ಮಾಡಿದೆ. ತೂತುಗಳು ಮತ್ತೆ ಒಂದು ಬದಿಗೆ! ತಲೆ ಕೆಟ್ಟು ಎಲ್ಲವನ್ನೂ ಮೊದಲಿನಿಂದ ನೋಡೋಣವೆಂದು ಹಾಸನ್ನು ಮನೆಗೆ ಕಳಿಸಿ, ಹಿಂದೆ ಬಗ್ಗಿ ಸ್ವಿಚ್ಚಿನ ಹತ್ತಿರ ಮುಖ ಇಟ್ಟೆ. ಹಾಸು ಬಂತು, ಬಂತು, ನಿಂಬೆಹಣ್ಣನ್ನು ಸ್ವಿಚ್ಚಿಗೆ ಒತ್ತಿತು, ನಿಂತಿತು. ದಾರ ಪೋಣಿಸಿದ ತೂತಿನಿಂದ ರಸ ಚಿಮ್ಮಿ ನೇರ ನನ್ನ ಬಲಗಣ್ಣಿಗೆ ಬಿತ್ತು. ನಾನು ಅರಚಿಕೊಂಡದ್ದು ಉರಿಗೆ ಮಾತ್ರವಲ್ಲ. ಒಂದೇ ಕಣ್ಣಿನಲ್ಲಿ ನನಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತ್ತು. ಮಶೀನು ಮುಟ್ಟುತ್ತಿದ್ದದ್ದು ಸ್ವಿಚ್ಚನ್ನಲ್ಲ, ನಿಂಬೆಹಣ್ಣನ್ನು. ಬೇಸಿಗೆಯ ಬಿಸಿಗೆ ಹಣ್ಣು ದಿನದಿನಕ್ಕೆ ಒಣಗಿ ಸಣ್ಣದಾಗುತ್ತಿತ್ತು. ಅದರ ಜೊತೆಗೆ ಮಶೀನಿನ ಮನೆಯೂ ಸರಿಯುತ್ತಿತ್ತು.

ಓಡಿಬಂದ ಮಹಾದೇವಿ ನನ್ನ ಕಣ್ಣಿಗೆ ನೀರು ಹಾಕುತ್ತಾ ಹಿಂದೆ ಜೋತಾಡುತ್ತಿದ್ದ ಹಾರವನ್ನು ಕಂಡಳು. "ಇದ್ಯಾರ್ರಿ ಕಟ್ಟಿದ್ದು?" ಎಂದಳು. ಭೌತಶಾಸ್ತ್ರ ತಲೆ ತಗ್ಗಿಸಿತು. ಅವಳು ಎಷ್ಟು ನಕ್ಕಳೆಂದರೆ ನೀರಿನ ತಂಬಿಗೆ ಕೈಯಿಂದ ಜಾರಿತು.

ಹಣ್ಣು ಬಿಚ್ಚಿದೆ. ಈಗ ತೂತುಗಳು ಇನ್ನೊಂದು ಬದಿಗೆ ಹೋದವು. ಅಷ್ಟು ದಿನ ನಾನು ತಿದ್ದಿದ್ದೆಲ್ಲ ನಿಂಬೆಹಣ್ಣಿನ ಲೆಕ್ಕಕ್ಕಲ್ಲವೇ? ಎಲ್ಲೆಲ್ಲಿ ಏನೇನು ತಿದ್ದಿದ್ದೆನೋ ನೆನಪಿರಲಿಲ್ಲ. ಎಷ್ಟು ಸರಿದಿದೆಯೆಂದು ಅಳೆದು ಅಷ್ಟನ್ನು ಕಂಪ್ಯೂಟರಿಗೆ ಹೇಳಿದರೆ ಮುಗಿಯಿತಲ್ಲ ಎಂದು ನೀವು ಕೇಳುತ್ತೀರಿ. ಹೇಳಿದೆ. ಗಾಬರಿಯಲ್ಲಿ ಕೂಡಿಸುವ ಕಡೆ ಕಳೆದೆ. ಇನ್ನೊಂದು ಬಿಲ್ಲೆ ಹಾಳಾಯಿತು. ಇನ್ನೊಂದು ಹಾಳಾದರೆ ಸೋಮವಾರಕ್ಕೆ ಹಿತ್ತಾಳೆಯೇ ಸಾಲುತ್ತಿರಲಿಲ್ಲ. ಮಹಾದೇವಿಯ ನಗು ನಿಂತಿತು. ಲ್ಯಾಪ್‌ಟಾಪನ್ನು ನನ್ನಿಂದ ದೂರ ಸರಿಸಿ, "ಇನ್ ಮ್ಯಾಲ ಇದಕ್ಕ ಕೈ ಹಚ್ಚಬ್ಯಾಡ್ರಿ. ಬುಧವಾರ ನಿಂಬಿಕಾಯಿ ಇದ್ದಾಗ ಛಲೋ ಬಂದಿತ್ತಿಲ್ಲೋ? ಅಷ್ಟೇ ದೊಡ್ಡದು ಹುಡುಕಿ ತರ್ರಿ" ಎಂದಳು. ವಿಜ್ಞಾನದ ದೃಷ್ಟಿಯಿಂದ ಆ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ, ಅದೇ ನನಗೆ ಸಂಕಟ.

ಮೊದಲು ಮೂರು ದಾರಿ ಕೂಡುವಲ್ಲಿಗೆ ಓಡಿದೆ. ಬೆಳಿಗ್ಗೆ ನಾನೇ ಎಸೆದ ಹಳೆಯ ಹಣ್ಣನ್ನು ಕಬ್ಬಿನ ಲಾರಿ ಚಪಾತಿ ಮಾಡಿ ಹೋಗಿತ್ತು. ಜನ ದಾಟಲು ಹೆದರಿ ಸುತ್ತಿ ಹೋಗುವ ವಸ್ತುವಿನ ಮುಂದೆ ಕಾಲೇಜಿನ ಸರ್ ಮಂಡಿಯೂರಿ ಅಳತೆ ಹಿಡಿಯುತ್ತಿರುವುದನ್ನು ಅರ್ಧ ಜಹೀರಾಬಾದು ನೋಡಿತು. ಬೆಳಿಗ್ಗೆ ಕಟ್ಟಿದ್ದ ಹೊಸ ಹಣ್ಣಿನ ದಪ್ಪದಲ್ಲಿ ತೂತುಗಳು ಸರಿದಷ್ಟನ್ನು, ಈ ಸಲ ಕಳೆಯುವ ಕಡೆಯೇ ಕಳೆದು, ಬುಧವಾರದ ಹಣ್ಣಿನ ಅಳತೆ ತೆಗೆದೆ. ಅಲ್ಲಿಂದ ತರಕಾರಿ ಬಜಾರಿಗೆ ಹೋಗಿ, ದಪ್ಪ ಅಳೆಯುವ ವರ್ನಿಯರ್ ಹಿಡಿದು ಒಂದೊಂದೇ ನಿಂಬೆಹಣ್ಣನ್ನು ಅಳೆಯತೊಡಗಿದೆ. ಬುಟ್ಟಿಯ ಮುದುಕಿ ನನ್ನ ಕೈಯನ್ನು ನೋಡಿ, "ಯಾಕ್ರಿ ಸರ್, ನಿಂಬಿಕಾಯಿಗಿ ಉಂಗುರ ಮಾಡಿಸ್ತೀರೇನ್ರಿ?" ಎಂದಳು. ಬುಟ್ಟಿಯ ತಳದಲ್ಲಿ, ಯಾರೂ ಕೊಳ್ಳದ ಒಂದು ಬಾಡಿದ ಹಣ್ಣು ಕೊನೆಗೆ ಅಳತೆಗೆ ಕೂತಿತು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ತರುವ ಹಾಗೆ ತಂದೆ. ಮೆಣಸಿನಕಾಯಿಯ ದಾರಕ್ಕೇ ಪೋಣಿಸಿ ಮೊದಲಿನ ಜಾಗದಲ್ಲಿ ಕಟ್ಟಿ, ಒಣಗುವ ಮೊದಲೇ ಒಂದೇ ಉಸಿರಿನಲ್ಲಿ ಎಲ್ಲಾ ಬಿಲ್ಲೆಗಳನ್ನೂ ಕೊರೆದೆ. ಒಂದಕ್ಕಿಂತ ಒಂದು ಚೆಂದ ಬಂದವು.

ಸೋಮವಾರ ನಮ್ಮ ಅಂಗಳದಲ್ಲಿ ಶಾವಿಗೆ ಮಳೆಯಂತೆ ಇಳಿಯಿತು. ಹೆಂಗಸರೆಲ್ಲ ಮಶೀನು ನೋಡಬೇಕೆಂದು ಕೋಣೆಗೆ ನುಗ್ಗಿದರು. ಅವರಲ್ಲಿ ಹಿರಿಯಳಾದ ಶಾಂತಮ್ಮ ಹಿಂದೆ ಬಗ್ಗಿ, "ದೃಷ್ಟಿ ಆಗಬಾರ್ದಂತ ಕಟ್ಟೀರೇನ್ರಿ ಸರ್? ಛಲೋ ಮಾಡೀರಿ" ಎಂದಳು.

"ದೃಷ್ಟಿಗಲ್ಲವ್ವ," ಎಂದೆ ನಾನು. "ಅದು ಮಶೀನಿನ ಪಾರ್ಟು. ಅದಿಲ್ಲಂದ್ರ ಇದು ನಡೆಯಂಗಿಲ್ಲ."

ಕೋಣೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಮಹಾದೇವಿಯ ಕಡೆ ನೋಡಿದೆ. ಸತ್ಯವೆಲ್ಲ ಗೊತ್ತಿದ್ದ ಏಕೈಕ ಸಾಕ್ಷಿ ಅವಳು. ಸೆರಗು ಬಾಯಿಗೆ ಒತ್ತಿಕೊಂಡು, "ಹಂಗಾದ್ರ ಮೆಣಸಿನಕಾಯೂ ಪಾರ್ಟೇನ್ರಿ?" ಎಂದಳು.

ಮೆಣಸಿನಕಾಯಿ ಪಾರ್ಟಲ್ಲ. ಅದು ಸ್ವಿಚ್ಚಿನ ಹತ್ತಿರವೂ ಸುಳಿಯುವುದಿಲ್ಲ, ಇವತ್ತೇ ತೆಗೆದು ಒಗ್ಗರಣೆಗೆ ಹಾಕಬಹುದು. ಆದರೂ ನಾನು ತೆಗೆದಿಲ್ಲ. ಚೆನ್ನಾಗಿ ನಡೆಯುತ್ತಿರುವ ಮಶೀನಿಗೆ ಬುದ್ಧಿ ಇದ್ದವರು ಕೈ ಹಚ್ಚುತ್ತಾರೆಯೇ?